ಜಮಾಲಮ್ಮನ ಪಾತಾಳಗರಡಿ

ಮಂಡಿಪೇಟೆಯ ಹಿಂದಿನ ಆ ಗಲ್ಲಿಯಲ್ಲಿ ಯಾರದಾದರೂ ಕೊಡ ಬಾವಿಗೆ ಬಿತ್ತೆಂದರೆ ಜನ ದೇವರಿಗಿಂತ ಮೊದಲು ಜಮಾಲುನ್ನೀಸಾಳನ್ನು ನೆನೆಯುತ್ತಿದ್ದರು. ಪಾತಾಳಗರಡಿ ಇದ್ದದ್ದು ಅವಳ ಮನೆಯಲ್ಲಿ. ತುಮಕೂರಿಗೆಲ್ಲ ನಲ್ಲಿ ಬಂದು, ಬಾವಿಗಳಿಗೆ ಕಲ್ಲುಚಪ್ಪಡಿ ಮುಚ್ಚಿಸಿದ ಎಂಬತ್ತರ ದಶಕದ ನಂತರ ಹುಟ್ಟಿದವರಿಗೆ ಅದೇನೆಂದು ಹೇಳಬೇಕಾಗುತ್ತದೆ. ಒಂದು ಕಬ್ಬಿಣದ ಬಳೆ, ಅದಕ್ಕೆ ಜೋತುಬಿದ್ದ ಸಣ್ಣ ಸಣ್ಣ ಸರಪಳಿ, ಒಂದೊಂದು ಸರಪಳಿಯ ತುದಿಗೂ ಬಾಗಿದ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ತಳ ಕೆದಕಿದರೆ ಮುಳುಗಿದ ಕೊಡದ ಕಂಠಕ್ಕೋ ಬಕೆಟ್ಟಿನ ಹಿಡಿಗೋ ಎಲ್ಲಾದರೊಂದು ಕಡೆ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ನೋಡಲು ಭಯಂಕರ. ಮಕ್ಕಳನ್ನು ಹೆದರಿಸಲು ಅದೊಂದೇ ಸಾಕು.

ಜಮಾಲುನ್ನೀಸಾಳ ಅಪ್ಪ ಇಸಾಕ್ ಸಾಬ್ ಕುಣಿಗಲ್ಲಿನಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ. ಮಗಳ ಮದುವೆಗೆ ಬೇರೆ ಅಪ್ಪಂದಿರು ಮಂಚ, ಬೀರು ಅಂತ ಕೊಟ್ಟರೆ ಈ ಮಹರಾಯ ತನ್ನ ಕುಲುಮೆಯಲ್ಲೇ ಬಡಿದು ಮಾಡಿದ ಪಾತಾಳಗರಡಿ ಕೊಟ್ಟು ಕಳಿಸಿದ. ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು. ಹೊಸ ಸೊಸೆಗೆ ‘ಕೊಕ್ಕೆ ದುಲ್ಹನ್’ ಎಂದು ಹೆಸರಿಟ್ಟರು. ಮಳೆಗಾಲ ಕಳೆಯುವಷ್ಟರಲ್ಲಿ ನಕ್ಕವರೆಲ್ಲ ಸಾಲಾಗಿ ಬಂದು ಬಾಗಿಲಲ್ಲಿ ನಿಂತರು. ಬಾವಿ ಯಾರನ್ನೂ ಬಿಡುವುದಿಲ್ಲವಲ್ಲ.

ಗರಡಿಗೆ ಅದರದೇ ಕಟ್ಟಳೆಗಳಿದ್ದವು. ಹಿಂದೂಗಳ ಮನೆಯಲ್ಲೂ ಮುಸ್ಲಿಮರ ಮನೆಯಲ್ಲೂ ಅವು ಒಂದೇ. ಅದನ್ನು ಮನೆಯೊಳಗೆ ತರಬಾರದು, ಹೊರಗೋಡೆಯ ಮೊಳೆಗೇ ನೇತುಹಾಕಬೇಕು. ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ಎತ್ತಿಕೊಳ್ಳಬೇಕು. ಒಯ್ಯುವವರು ಒಂದು ಪಾತ್ರೆಯನ್ನೋ ಚೊಂಬನ್ನೋ ಒತ್ತೆ ಇಟ್ಟು ಹೋಗಬೇಕು, ವಾಪಸು ತಂದಾಗ ಬಿಡಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಗರಡಿಯನ್ನು ಹೆಣ ಎತ್ತಲು ಬಳಸಿದರೆ ಮತ್ತೆ ಕೊಡಕ್ಕೆ ಬಳಸುವಂತಿಲ್ಲ. ಕೆರೆಗೆ ಎಸೆದುಬಿಡಬೇಕು. ಅದಕ್ಕೇ ಕೊಡುವ ಮೊದಲು ಮನೆಯವರು ‘ಯಾತಕ್ಕೆ?’ ಎಂದು ಕೇಳಬೇಕು. ಜಮಾಲುನ್ನೀಸಾ ತಪ್ಪದೆ ಕೇಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಎಲ್ಲರೂ ‘ಕೊಡ ಬಿತ್ತು’ ಎಂದೇ ಹೇಳಿದ್ದರು.

ಎಷ್ಟೋ ಸಲ ಅವಳೇ ಹೋಗಿ ಎತ್ತಿಕೊಟ್ಟದ್ದೂ ಉಂಟು. ಹಗ್ಗ ಹಿಡಿದರೆ ಸಾಕು, ತಳದಲ್ಲಿ ಸಿಕ್ಕಿದ್ದು ತಾಮ್ರವೋ ಹಿತ್ತಾಳೆಯೋ ತಗಡೋ ಅವಳ ಅಂಗೈಗೆ ತಿಳಿಯುತ್ತಿತ್ತು. ಒಂದು ಕೊಡ ಹುಡುಕಹೋದರೆ ನಾಲ್ಕು ಬೇರೆ ಸಾಮಾನು ಬರುತ್ತಿದ್ದವು. ಗಂಡ ಹೆಂಡತಿ ಜಗಳದಲ್ಲಿ ಎಸೆದ ಟಿಫನ್ ಕ್ಯಾರಿಯರ್, ಅತ್ತೆಯ ಮೇಲಿನ ಸಿಟ್ಟಿಗೆ ಸೊಸೆ ಮುಳುಗಿಸಿದ ಕುಟ್ಟಾಣಿ, ಯಾರೋ ಹುಡುಗ ಪಾಠ ತಪ್ಪಿಸಲು ಬಿಸಾಕಿದ ಸ್ಲೇಟು. ಯಾರ ಮನೆಯದೆಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಬಾವಿ ಬಾಯಿ ಬಿಟ್ಟರೂ ಜಮಾಲಮ್ಮ ಬಿಡಲ್ಲ ಎಂದು ಗಲ್ಲಿಯಲ್ಲಿ ಮಾತಿತ್ತು. ಯಾರೂ ತಮ್ಮದೆನ್ನದ ಸಾಮಾನು ಅವಳ ಮನೆ ಸೇರುತ್ತಿತ್ತು. ಅವಳ ಅಡುಗೆಮನೆಯ ಸೌಟು, ಝಾರಿ, ಹಾಲಿನ ಪಾತ್ರೆಯ ಮುಚ್ಚಳ ಎಲ್ಲ ಹಾಗೆ ಬಂದವು. ಗಂಡ ಅಹಮದ್ ಪಾಷಾ ಸ್ಟವ್, ಛತ್ರಿ, ಟಾರ್ಚು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದ. ಮಕ್ಕಳು ಐವರು. ದಿನವಿಡೀ ಬೀಡಿ ಸುತ್ತುತ್ತಾ, ಕಾಲಲ್ಲಿ ತೊಟ್ಟಿಲು ತೂಗುತ್ತಾ, ಬಾಯಲ್ಲಿ ಮಕ್ಕಳಿಗೆ ಬೈಯುತ್ತಾ, ಮೂಗಲ್ಲಿ ಸಾರು ಸೀದದ್ದನ್ನು ಪತ್ತೆ ಹಚ್ಚುತ್ತಾ ಇದ್ದ ಹೆಂಗಸಿಗೆ ಬಾವಿಯೂ ಒಂದು ಅಂಗಡಿಯೇ ಆಗಿತ್ತು ಎಂದರೆ ತಪ್ಪಿಲ್ಲ.

ಇಂಥವಳು ಒಂದೇ ಒಂದು ಸಲ ಕಟ್ಟಳೆ ಮುರಿದಳು. ಎದುರುಮನೆಯ ಗಂಗಲಕ್ಷ್ಮಮ್ಮ ಅವಳ ಜೀವದ ಗೆಳತಿ. ಗುಬ್ಬಿಯಲ್ಲಿದ್ದ ತವರುಮನೆಯ ಬಾವಿಗೆ ಹಿತ್ತಾಳೆ ಹಂಡೆ ಬಿದ್ದಿದೆಯೆಂದು ಗರಡಿ ಕೇಳಲು ಬಂದವಳು, ಒತ್ತೆಗೆಂದು ಕಂಚಿನ ಲೋಟವನ್ನೂ ಹಿಡಿದು ತಂದಿದ್ದಳು. “ಅದನ್ನ ಒಳಗಿಡು ತಾಯಿ. ನೀನೇನು ಹೊರಗಿನೋಳಾ?” ಎಂದು ಜಮಾಲುನ್ನೀಸಾ ಲೋಟ ವಾಪಸು ಕಳಿಸಿದಳು. ದಾಕ್ಷಿಣ್ಯಕ್ಕೆ ಬಸಿರಾದರು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಗಂಗಲಕ್ಷ್ಮಮ್ಮ ಹೋದಳು, ಅಲ್ಲಿ ಅವಳ ತಾಯಿ ಕಾಯಿಲೆ ಬಿದ್ದಳು, ಮಗಳು ಅಲ್ಲೇ ಉಳಿದಳು, ಗರಡಿಯೂ ಅಲ್ಲೇ ಉಳಿಯಿತು. ಒತ್ತೆಯಿದ್ದಿದ್ದರೆ ನೆನಪಾದರೂ ಆಗುತ್ತಿತ್ತು. ಹೇಳಿಕಳಿಸಲು ಜಮಾಲುನ್ನೀಸಾಳಿಗೆ ಸಂಕೋಚ. ಕೇಳಿ ಬಂದವರನ್ನೆಲ್ಲ “ಇವತ್ತು ನಾಳೆ ಬರುತ್ತೆ” ಎಂದು ಸಾಗಹಾಕುತ್ತಿದ್ದಳು.

ತುರ್ತು ಪರಿಸ್ಥಿತಿ ಎದ್ದುಹೋದ ವರ್ಷದ ಬೇಸಿಗೆ ಅದು. ಅವತ್ತು ಬೆಳಿಗ್ಗೆ ಎದ್ದಾಗಿಂದ ಒಂದೂ ನೆಟ್ಟಗಿರಲಿಲ್ಲ. ಕೈಗೂಸಿಗೆ ರಾತ್ರಿಯಿಂದ ಮೈ ಬಿಸಿ. ಬೀಡಿ ಕಂತ್ರಾಟಿನ ಹಬೀಬ್ ಸಾಬ್ ಮಧ್ಯಾಹ್ನದೊಳಗೆ ಕಟ್ಟು ಮುಟ್ಟಿಸದಿದ್ದರೆ ಮುಂದೆ ಎಲೆ ಕೊಡಲ್ಲ ಎಂದು ಹೇಳಿಕಳಿಸಿದ್ದ. ಸೀಮೆಎಣ್ಣೆ ಮುಗಿದಿತ್ತು. ಹಿರಿಯ ಮಗಳು ಮುನವ್ವರಾ ಬಾವಿಗೆ ನೀರಿಗೆ ಹೋಗಿದ್ದಳು.

ಮುನವ್ವರಾಗೆ ಹನ್ನೆರಡು ತುಂಬಿತ್ತಷ್ಟೆ. ಆ ಮನೆಗೆ ಅವಳು ಎರಡನೇ ತಾಯಿ. ತಮ್ಮಂದಿರ ಮೂಗು ಒರೆಸುವವಳು, ತಂಗಿಯ ಜಡೆ ಹಾಕುವವಳು ಅವಳೇ. ಮಾತು ಕಡಿಮೆ. ಬೈದರೆ ಅಳುತ್ತಿರಲಿಲ್ಲ, ಮುಖ ಕೆಳಗೆ ಹಾಕಿ ಸುಮ್ಮನೆ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಅಳುವ ಮಗುವಿಗೆ ತಾಯಂದಿರು ಹಾಲು ಕೊಡುತ್ತಾರೆ, ಅಳದ ಮಗುವಿಗೆ ಇನ್ನೊಂದು ಕೊಡ ನೀರು ತಾ ಅನ್ನುತ್ತಾರೆ. ಲೋಕ ಇರುವುದೇ ಹಾಗೆ.

ಬಾವಿಯ ಕಡೆಯಿಂದ ದುಡುಂ ಎಂದು ಸದ್ದು ಕೇಳಿಸಿದಾಗಲೇ ಜಮಾಲುನ್ನೀಸಾ ಬೀಡಿ ಮೊರ ಕೆಳಗಿಟ್ಟಳು. ಮುನವ್ವರಾ ಖಾಲಿ ಹಗ್ಗ ಹಿಡಿದು ನಿಂತಿದ್ದಳು. ಹೋದದ್ದು ತಾಮ್ರದ ಕೊಡ, ಜಮಾಲುನ್ನೀಸಾಳ ತೀರಿಹೋದ ತಾಯಿಯದು. ಕುಣಿಗಲ್ಲಿನ ಆ ಮನೆಯಿಂದ ತಾಯಿಯದೆಂದು ಅವಳ ಪಾಲಿಗೆ ಬಂದಿದ್ದ ಒಂದೇ ವಸ್ತು.

“ಗಂಟು ಬಿಚ್ಕೊಂತು ಅಮ್ಮಿ,” ಎಂದಳು ಹುಡುಗಿ.

ಅವರ ಮನೆಮಾತು ಉರ್ದು. ಆದರೆ ಬೈಗುಳ ಗಲ್ಲಿಯ ಭಾಷೆಯಲ್ಲೇ ಬರುತ್ತಿತ್ತು, ಅದಕ್ಕೇ ಸುತ್ತಲಿನ ಮನೆಗಳಿಗೆಲ್ಲ ಅದು ಸ್ಪಷ್ಟವಾಗಿ ಕೇಳಿಸಿತು. “ಗಂಟು ಬಿಚ್ಕೊಂತಾ? ನಿನ್ನ ಕಣ್ಣೆಲ್ಲಿ ಇಟ್ಟಿದ್ದೆ? ನಮ್ಮಮ್ಮನ ಕೊಡ ಕಣೇ ಅದು! ತೆಗೆಯಾಣ ಅಂದ್ರೆ ಗರಡಿ ಗುಬ್ಬೀಲಿ ಕೂತದೆ. ಕೊಡದ ಬದ್ಲು ನೀನೇ ಬಿದ್ದಿದ್ರೂ ನಂಗೆ ಇಷ್ಟು ಸಂಕಟ ಆಗ್ತಿರ್ಲಿಲ್ಲ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಂದ ಬಿದ್ದ ಕ್ಷಣಕ್ಕೇ ಅದು ಕೆಟ್ಟ ಮಾತೆಂದು ಜಮಾಲುನ್ನೀಸಾಳಿಗೆ ಗೊತ್ತಾಯಿತು. ಆದರೆ ಒಳಗೆ ಮಗು ಕಿಟ್ಟನೆ ಕಿರುಚಿಕೊಂಡಿತು, ಬೀಡಿ ಎಲೆ ಒಣಗುತ್ತಿತ್ತು. ಅವಳು ತಿರುಗಿ ಒಳಗೆ ಹೋದಳು. ಮುನವ್ವರಾ ಹಗ್ಗ ಸುತ್ತುತ್ತಾ ಅಲ್ಲೇ ನಿಂತಿದ್ದಳು. ತಾಯಿ ಕಡೆಯದಾಗಿ ಅವಳನ್ನು ಕಂಡದ್ದು ಹಾಗೆ.

ಬೀಡಿ ಕಟ್ಟು ಮುಗಿಸಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹಬೀಬ್ ಸಾಬರಲ್ಲಿಗೆ ಹೋಗಿ, ಅಲ್ಲಿಂದ ಕಾಂಪೌಂಡರ್ ಹತ್ತಿರ ಮಗುವಿಗೆ ಔಷಧಿ ಹಾಕಿಸಿ, ಸೀಮೆಎಣ್ಣೆ ಸಾಲಿನಲ್ಲಿ ನಿಂತು ಅವಳು ಮನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ಎಲ್ಲಿ ಎಂದರೆ ಚಿಕ್ಕ ಮಕ್ಕಳು ಗೊತ್ತಿಲ್ಲ ಎಂದರು. ಒಲೆ ಹಚ್ಚಿರಲಿಲ್ಲ. ಎಲ್ಲೋ ಗೆಳತಿಯ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರಬೇಕು, ಬರಲಿ, ಸರಿಯಾಗಿ ಮಾಡ್ತೀನಿ ಎಂದುಕೊಳ್ಳುತ್ತಾ ಅಕ್ಕಿ ತೊಳೆಯಲು ನೀರಿಗೆ ಬಾವಿಕಟ್ಟೆಗೆ ಹೋದಳು.

ಬಾವಿಕಟ್ಟೆಯ ಪಕ್ಕದಲ್ಲಿ ಮುನವ್ವರಾಳ ರಬ್ಬರ್ ಚಪ್ಪಲಿಗಳು ಜೋಡಿಯಾಗಿ ಬಿಟ್ಟಿದ್ದವು. ಬಾವಿಗೆ ನೀರು ಸೇದಲು ಹೋದವರು ಚಪ್ಪಲಿ ಬಿಟ್ಟೇ ಕಟ್ಟೆ ಹತ್ತುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಸೇದಿ ಮುಗಿದ ಮೇಲೆ ಹಾಕಿಕೊಂಡು ಹೋಗುತ್ತಾರೆ. ಬಿಸಿಲಿಗೆ ಆ ರಬ್ಬರು ಕೈ ಸುಡುವಷ್ಟು ಕಾದಿತ್ತು. ಬೆಳಿಗ್ಗೆಯಿಂದ ಅವು ಅಲ್ಲೇ ಇವೆ.

ಬಾವಿಯೊಳಗೆ ಬಗ್ಗಿ ನೋಡಲು ಹೋದವಳು ನೋಡಲಾರದೆ ಹಿಂದೆ ಸರಿದಳು. ನೂರು ಸಲ ಬಗ್ಗಿ ನೋಡಿದ ಬಾವಿ ಅದು. ಚಪ್ಪಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರಾದರೂ ನೋಡಿದರೇನೋ ಎಂದು ಕಳ್ಳಿಯಂತೆ ಸುತ್ತ ನೋಡಿದಳು.

ಮೊದಲು ಗಲ್ಲಿ, ಆಮೇಲೆ ಸ್ಕೂಲಿನ ಗೇಟು, ಆಮೇಲೆ ಗೆಳತಿಯರ ಮನೆಗಳು. ಬೇಸಿಗೆ ರಜಾ, ಸ್ಕೂಲಿಗೆ ಬೀಗ. ಯಾರೂ ಕಂಡಿರಲಿಲ್ಲ. ಸುದ್ದಿ ತಲುಪಿ ಅಹಮದ್ ಪಾಷಾ ಅಂಗಡಿಗೆ ಅರ್ಧ ಬಾಗಿಲು ಹಾಕಿ ಓಡಿಬಂದ. ಕೈಗೆಲ್ಲ ಸ್ಟವ್ವಿನ ಮಸಿ. ಮೆತ್ತನೆ ಮನುಷ್ಯ, ಜೋರು ಮಾತಾಡಿದವನಲ್ಲ.

“ಏನಾದ್ರೂ ಅಂದ್ಯಾ?” ಎಂದು ಕೇಳಿದ.

“ಕೊಡ ಬೀಳಿಸಿದ್ಲು. ಬೈದೆ.”

“ಏನಂತ ಬೈದೆ?”

“ಬೈದೆ ಅಷ್ಟೇ. ಮಕ್ಕಳಿಗೆ ಬೈಯಲ್ವಾ?”

ಬಾಗಿಲ ಬಳಿ ನಿಂತಿದ್ದ ನೆರೆಮನೆಯ ಹೆಂಗಸರು ನೆಲ ನೋಡಿದರು. ಅವಳೇನು ಅಂದಳೆಂಬುದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಗಲ್ಲಿಯ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಗಲ್ಲಿ ಆ ದಿನ ಅದೇ ಮರ್ಯಾದೆ ತೋರಿಸಿತು. ಜಮಾಲುನ್ನೀಸಾಳಿಗೆ ಆ ಮರ್ಯಾದೆಯೇ ಮೈಯೆಲ್ಲ ಉರಿಸಿತು.

“ತಾತನ ಹತ್ರ ಹೋಗಿರ್ತಾಳೆ. ಕೋಪ ಬಂದ್ರೆ ಅವಳಿಗೆ ತಾತನೇ,” ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಅಹಮದ್ ಪಾಷಾ ಕುಣಿಗಲ್ ಬಸ್ಸು ಹಿಡಿಯಲು ಹೊರಟ. ಗಂಡನಿಗೆ ಆಗಲೇ ಹೇಳಿಬಿಡಬೇಕಿತ್ತು: ಕುಣಿಗಲ್ಲಿಗೆ ಬೇಡ, ಇಲ್ಲೇ ನೋಡು, ಚಪ್ಪಲಿ ಇಲ್ಲಿವೆ ಎಂದು. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಮಧ್ಯಾಹ್ನ ಇಳಿಯಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮಗುವನ್ನು ಸೊಂಟದಿಂದ ಇಳಿಸದೆ ಮನೆಗೂ ಗಲ್ಲಿಯ ತುದಿಗೂ ಅಲೆದಳು. ಮುನವ್ವರಾಳ ವಯಸ್ಸಿನ ಯಾವ ಹುಡುಗಿ ತಿರುವಿನಲ್ಲಿ ಕಂಡರೂ ಜೀವ ಹಾರುತ್ತಿತ್ತು, ಹತ್ತಿರ ಬಂದರೆ ಬೇರೆ ಮುಖ. ನೆರೆಯವರು ಮಕ್ಕಳಿಗೆ ಊಟ ಹಾಕಿದರು. ಕೊನೆಗೆ ಪಕ್ಕದ ಮನೆಯ ಕರಿಸಿದ್ದಪ್ಪ ಬಂದು ದೂರದಲ್ಲಿ ನಿಂತ. ಅಕ್ಕಿ ಮಂಡಿಯಲ್ಲಿ ಮೂಟೆ ಹೊರುವ ಆಳು, ಕಂಬದಂಥ ಮೈ. ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಂಡುತ್ತಿದ್ದ.

“ಜಮಾಲಕ್ಕಾ, ತಪ್ಪು ತಿಳ್ಕಬ್ಯಾಡ. ಒಂದ್ಸಲ ಬಾವಿ ನೋಡ್ಬುಡಾನಾ?”

ಅವಳು ಅವನ ಮುಖ ನೋಡಿದಳು. ಬೇಡ ಎನ್ನಬಹುದಿತ್ತು. ಬೇಡವೆಂದರೆ ಮಗಳು ಎಲ್ಲೋ ಇದ್ದಾಳೆ ಎಂದು ಇನ್ನಷ್ಟು ಹೊತ್ತು ನಂಬಿಕೊಂಡಿರಬಹುದಿತ್ತು.

“ಗರಡಿ ಇಲ್ಲ ನನ್ನ ಹತ್ರ,” ಎಂದಳು.

“ಚಿಕ್ಕಪೇಟೆ ದೊಡ್ಡಗಂಗಮ್ಮನ ಮನೇಲೈತಂತೆ. ನಾನ್ ತತ್ತೀನಿ ಬುಡು.”

“ಬೇಡ. ನಾನೇ ತರ್ತೀನಿ.”

ಯಾಕೆ ಹಾಗೆಂದಳೋ ಅವಳಿಗೂ ತಿಳಿಯದು. ಬುರ್ಖಾ ಹಾಕಿಕೊಳ್ಳದೆ, ಸೊಂಟದಲ್ಲಿ ಮಗು ಇದೆಯೆಂಬ ಪ್ರಜ್ಞೆಯೂ ಇಲ್ಲದೆ ಚಿಕ್ಕಪೇಟೆಯವರೆಗೆ ನಡೆದಳು. ಮಂಡಿಪೇಟೆಯ ಬೀದಿಯಲ್ಲಿ ಮುಖ ಬಿಟ್ಟುಕೊಂಡು ಅವಳು ನಡೆದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ದೊಡ್ಡಗಂಗಮ್ಮ ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯನ ಹೆಂಡತಿ. ಬಾಯಿ ಜೋರಿನ ಮುದುಕಿ, ಕಿರಾತಕಿ ಎಂದೇ ಹೆಸರು. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಇಬ್ಬರಿಗೂ ಮುಖಪರಿಚಯವಷ್ಟೆ. ಗರಡಿ ಇದ್ದ ಮನೆಯವರೆಂದು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿತ್ತು.

“ಗರಡಿ ಬೇಕಿತ್ತು,” ಎಂದಳು ಜಮಾಲುನ್ನೀಸಾ.

“ನಿನ್ನ ಹತ್ರ ಇಲ್ವೇನೇ? ಊರಿಗೆಲ್ಲ ಕೊಡೋಳು ನೀನು.” ಮುದುಕಿ ಎಲೆ ಉಗಿದು ಬಾಯಿ ಒರೆಸಿಕೊಂಡಳು. “ಯಾತಕ್ಕೆ?”

ಎಷ್ಟೋ ಜನರನ್ನು ತಾನೇ ಕೇಳಿದ್ದ ಪ್ರಶ್ನೆ. ಕೇಳುವಾಗ ಅದು ಇಷ್ಟು ಚೂಪಾದದ್ದೆಂದು ಅವಳಿಗೆ ಗೊತ್ತಿರಲಿಲ್ಲ.

“ಕೊಡ ಬಿತ್ತು,” ಎಂದಳು.

ಸುಳ್ಳಲ್ಲ. ಕೊಡ ಬಿದ್ದದ್ದು ನಿಜವೇ. ಆದರೆ ಅವಳ ತಲೆಯ ಮೇಲೆ ಸೆರಗಿರಲಿಲ್ಲ, ಕೊಡಕ್ಕಾಗಿ ಯಾವ ಹೆಂಗಸೂ ಹಾಗೆ ಬರುವುದಿಲ್ಲ. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎದ್ದು ಹಿತ್ತಿಲಿಗೆ ಹೋಗಿ ಗರಡಿ ತಂದು ಜಮಾಲುನ್ನೀಸಾಳ ಕಾಲಬುಡದಲ್ಲಿ ನೆಲಕ್ಕಿಟ್ಟಳು.

“ಒತ್ತೆ ಎಲ್ಲಿ?”

“ಏನೂ ತಂದಿಲ್ಲಮ್ಮಾ. ಮರೆತು ಬಂದೆ.”

“ಒತ್ತೆ ಇಲ್ಲದೆ ಕೊಡಾಕಿಲ್ಲ.” ಮುದುಕಿಯ ದನಿ ಗಡುಸಾಗಿತ್ತು. “ಒತ್ತೆ ಇಟ್ರೆ ಅದು ಕೊಡಕ್ಕೆ ಅಂತ ಅರ್ಥ. ಕೊಡ ಸಿಕ್ತದೆ, ಗರಡಿ ವಾಪಸ್ ಬತ್ತದೆ, ನೀನು ಒತ್ತೆ ಬಿಡಿಸ್ಕೊಂಡು ಹೋಗ್ತೀಯ. ಒತ್ತೆ ಇಲ್ದೆ ಹೋಗೋದು ಬ್ಯಾರೆ ಕೆಲಸಕ್ಕೆ. ನಾನು ಅದಕ್ಕೆ ಕೊಡಾಕಿಲ್ಲ. ತಿಳೀತಾ?”

ತಿಳಿಯಿತು. ಜಮಾಲುನ್ನೀಸಾ ಅಳಲು ಶುರುಮಾಡಿದಳು. ಮುದುಕಿ ಹತ್ತಿರ ಬಂದು ಅವಳ ಸೊಂಟದಿಂದ ಮಗುವನ್ನು ಎತ್ತಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

“ಮೈ ಕಾದೈತಲ್ಲೇ ಇದರದ್ದು, ಈ ಬಿಸಿಲಲ್ಲಿ ಹೊತ್ಕೊಂಡು ತಿರಗ್ತಿದೀಯ. ಇವನ್ನೇ ಒತ್ತೆ ಮಡಿಕ್ಕಂಡಿದೀನಿ. ಬಂದು ಬಿಡಿಸ್ಕೊಂಡು ಹೋಗು. ಹೋಗು, ನಿಂತ್ಕಬ್ಯಾಡ.”

ಗರಡಿಯ ಭಾರಕ್ಕೆ ಹೆಗಲು ಜಗ್ಗುತ್ತಿತ್ತು. ದಾರಿಯುದ್ದಕ್ಕೂ ಕೊಕ್ಕೆಗಳು ಕಿಣಿಕಿಣಿ ಎನ್ನುತ್ತಿದ್ದವು. ಕೊಡಕ್ಕೆ, ಕೊಡಕ್ಕೆ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಾ ಬಂದಳು. ಗೊತ್ತಿದ್ದ ದುವಾಗಳೆಲ್ಲ ಮರೆತುಹೋಗಿ ಬಾಯಿಗೆ ಅದೊಂದೇ ಬರುತ್ತಿತ್ತು.

ಬಾವಿಯ ಸುತ್ತ ಆಗಲೇ ಜನ ಸೇರಿದ್ದರು. ಕರಿಸಿದ್ದಪ್ಪ ಹಗ್ಗ ಬಿಗಿದು ಗರಡಿ ಇಳಿಬಿಟ್ಟ. ನೀರಿಗೆ ತಾಗಿದ ಸದ್ದು ಕೇಳಿಸಿತು. ಅವನು ನಿಧಾನವಾಗಿ ಸುತ್ತಲೂ ಎಳೆದ. ಒಂದು ಕಡೆ ಹಗ್ಗ ಬಿಗಿಯಿತು. ಎತ್ತಲು ಹೋದವನು ನಿಲ್ಲಿಸಿದ. ಅವನ ಮುಖ ಕಪ್ಪಿಟ್ಟಿತು.

“ಏನು?” ಎಂದಳು ಜಮಾಲುನ್ನೀಸಾ.

“ಮೆತ್ತಗೈತೆ ಅಕ್ಕಾ,” ಎಂದ ಅವನು, ಕೇಳಿಸದಷ್ಟು ಸಣ್ಣಗೆ. “ಭಾರ ಐತೆ. ನಂಗೆ ಗೊತ್ತಾಗ್ತಿಲ್ಲ.”

ಎಲ್ಲರೂ ಅವಳನ್ನೇ ನೋಡಿದರು. ಹಗ್ಗ ಹಿಡಿದರೆ ಹೇಳಬಲ್ಲವಳು ಆ ಗಲ್ಲಿಯಲ್ಲಿ ಅವಳೊಬ್ಬಳೇ. ಅವಳು ಮುಂದೆ ಬಂದು ಹಗ್ಗಕ್ಕೆ ಕೈ ಹಾಕಿದಳು. ಲೋಹವಲ್ಲ, ಅದು ತಕ್ಷಣ ತಿಳಿಯಿತು. ಮರವೂ ಅಲ್ಲ. ಬಟ್ಟೆಯ ಹಾಗೆ ಹಿಗ್ಗುತ್ತದೆ, ಎಳೆದರೆ ಜೊತೆಗೆ ಬರುತ್ತದೆ, ಬಿಟ್ಟರೆ ಕುಸಿಯುತ್ತದೆ. ಕಣ್ಣು ಮುಚ್ಚಿದಳು. ಹತ್ತು ಹದಿನೈದು ವರ್ಷ ಕಲಿತ ಅಂಗೈ ಅವತ್ತು ಕೈಕೊಟ್ಟಿತು, ಅಥವಾ ಅದು ಹೇಳಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಯಾ ಅಲ್ಲಾ, ನಾನು ಅಂದದ್ದನ್ನು ಕೇಳಿಸ್ಕೋಬೇಡ, ನೀನು ಕೇಳಿಸ್ಕೋಬೇಡ ಎಂದು ಜೋರಾಗಿಯೇ ಅಂದುಬಿಟ್ಟಳು. ಇಷ್ಟೂ ಹೊತ್ತು ಗಂಡನಿಂದ ಮುಚ್ಚಿಟ್ಟದ್ದು ಗಲ್ಲಿಯ ನಡುವೆ ಬಯಲಾಯಿತು. “ನೀನೇ ಬಿದ್ದಿದ್ರೆ ಅಂದ್ನಲ್ಲಾ! ನನ್ನ ಬಾಯಿಗೆ ಮಣ್ಣು ಹಾಕಾ!”

ಕರಿಸಿದ್ದಪ್ಪ ಅವಳ ಕೈಯಿಂದ ಹಗ್ಗ ಬಿಡಿಸಿಕೊಂಡು ಇನ್ನಿಬ್ಬರ ಜೊತೆ ಸೇರಿ ಎಳೆದ. ಕಟ್ಟೆಯ ಅಂಚಿಗೆ ಬಂದದ್ದು ಗೋಣಿಚೀಲ. ಯಾರೋ ಯಾವ ಕಾಲದಲ್ಲೋ ಎಸೆದ, ಹರಿದ ಕೌದಿ ತುಂಬಿದ ಗೋಣಿಚೀಲ. ನೀರು ಧಾರೆಯಾಗಿ ಸುರಿಯಿತು. ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಜಮಾಲುನ್ನೀಸಾ ಅಲ್ಲೇ ನೆಲಕ್ಕೆ ಕುಸಿದು ಕೂತಳು.

ಮತ್ತೆ ಗರಡಿ ಇಳಿಯಿತು. ಈ ಸಲ ಠಣ್ ಎಂದಿತು. ತಾಮ್ರದ ಕೊಡ ಮೇಲೆ ಬಂತು. ಕೊಕ್ಕೆಯಿಂದ ಬಿಡಿಸಿ ಯಾರೋ ಅದನ್ನು ಪಕ್ಕಕ್ಕಿಟ್ಟರು. ಯಾರ ಕೊಡ ಎಂದು ಯಾರೂ ಕೇಳಲಿಲ್ಲ. ಮೂರನೇ ಸಲಕ್ಕೆ ಬರಿ ಕೆಸರು. ಮತ್ತೂ ಬರಿ ಕೆಸರು. ಕೊಕ್ಕೆಗೆ ಏನೂ ಸಿಗದಿದ್ದರೆ ಸಮಾಧಾನವಾಗಬೇಕಿತ್ತು, ಆದರೆ ಆ ಬಾವಿಯ ಒಂದು ಮಗ್ಗುಲಲ್ಲಿ ಕಲ್ಲು ಕುಸಿದು ಗವಿಯಂತಾಗಿತ್ತು. ಗರಡಿ ಅಲ್ಲಿಗೆ ಹೋಗುವುದಿಲ್ಲವೆಂದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಇಳಿದೇ ನೋಡ್ಬೇಕು,” ಎಂದ ಕರಿಸಿದ್ದಪ್ಪ. ಅಂಗಿ ಬಿಚ್ಚಿಟ್ಟು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳತೊಡಗಿದ. ಬಿಸಿಲು ಗೋಡೆಗಳ ನೆತ್ತಿಗೆ ಸರಿದಿತ್ತು. ಬೇಗ ಬೇಗ, ಬೆಳಕಿರುವಾಗಲೇ ಎಂದು ಯಾರೋ ಅವಸರ ಮಾಡಿದರು. ಜಮಾಲುನ್ನೀಸಾ ಬಾವಿಯನ್ನು ನೋಡುವುದನ್ನು ಬಿಟ್ಟು ನೆಲದ ಮೇಲೆ ಒಂದೇ ಕಡೆ ಕಣ್ಣು ನೆಟ್ಟು ಕೂತಿದ್ದಳು. ತಲೆಯಲ್ಲಿ ಏನೂ ಓಡುತ್ತಿರಲಿಲ್ಲ. ಅವನು ಇಳಿದು ಮೇಲೆ ಬರುವಷ್ಟು ಹೊತ್ತು ತಾನಿನ್ನೂ ಐದು ಮಕ್ಕಳ ತಾಯಿ ಎಂಬುದೊಂದೇ ಅವಳಿಗೆ ಹೊಳೆಯುತ್ತಿದ್ದದ್ದು.

“ಜಾಗ ಬಿಡಿ, ಜಾಗ ಬಿಡಿ, ಕೊಕ್ಕೆ ತಾಗುತ್ತೆ.”

ಗುಂಪಿನ ಹಿಂದಿನಿಂದ ಬಂದ ಆ ಸಣ್ಣ ದನಿಗೆ ಮೊದಲು ಯಾರೂ ತಿರುಗಲಿಲ್ಲ. ಆಮೇಲೆ ಒಬ್ಬಳು ತಿರುಗಿ ಹಾ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಜನ ಎರಡು ಕಡೆ ಸರಿದರು. ತಲೆಯ ಮೇಲೆ ಚೀಲ ಹೊತ್ತುಕೊಂಡು, ಬರಿಗಾಲಲ್ಲಿ, ಮೊಣಕಾಲವರೆಗೂ ಧೂಳಾಗಿ ಮುನವ್ವರಾ ಬರುತ್ತಿದ್ದಳು.

ಆ ಹುಡುಗಿ ಬೆಳಿಗ್ಗೆ ಹಗ್ಗ ಸುತ್ತಿಟ್ಟವಳೇ ಸ್ಟೇಷನ್ನಿಗೆ ಓಡಿ, ಟಿಕೆಟಿಲ್ಲದೆ ರೈಲು ಹತ್ತಿ ಗುಬ್ಬಿಗೆ ಹೋಗಿದ್ದಳು. ಕೊಡ ತೆಗೆಯಬೇಕೆಂದರೆ ಗರಡಿ ಬೇಕು, ಗರಡಿ ಗುಬ್ಬಿಯಲ್ಲಿದೆ, ಹೋಗಿ ತಂದರಾಯಿತು. ಅವಳ ಲೆಕ್ಕ ಅಷ್ಟು ಸರಳ. ಹೇಳಿದರೆ ಬೇಡ ಅನ್ನುತ್ತಾರೆ, ಮಧ್ಯಾಹ್ನದೊಳಗೆ ಬಂದುಬಿಡಬಹುದು ಎಂದುಕೊಂಡಿದ್ದಳು. ಆತುರದಲ್ಲಿ ಚಪ್ಪಲಿ ಮರೆತಿದ್ದು ರೈಲು ಹತ್ತಿದ ಮೇಲೆ ಗೊತ್ತಾಯಿತು. ಹಿಂದೊಮ್ಮೆ ಗಂಗಲಕ್ಷ್ಮಮ್ಮನ ಜೊತೆ ಹೋಗಿದ್ದರಿಂದ ಮನೆ ಗೊತ್ತಿತ್ತು, ಆದರೆ ಗಂಗಲಕ್ಷ್ಮಮ್ಮ ಅವತ್ತು ಯಾವುದೋ ಕೆಲಸಕ್ಕೆ ನಿಟ್ಟೂರಿಗೆ ಹೋಗಿದ್ದಳು. ಮನೆಯಲ್ಲಿ ಕಾಯಿಲೆಯ ಮುದುಕಿ ಒಬ್ಬಳೇ, ಅವಳಿಗೆ ಕಿವಿ ಕೇಳದು. ಕೈಸನ್ನೆ ಮಾಡಿ, ಕೊಟ್ಟಿಗೆಯೆಲ್ಲ ಹುಡುಕಿ, ಹುಲ್ಲಿನ ಕೆಳಗೆ ತುಕ್ಕು ಹಿಡಿಯುತ್ತಾ ಬಿದ್ದಿದ್ದ ಗರಡಿಯನ್ನು ಎಳೆದು ತೆಗೆಯುವಷ್ಟರಲ್ಲಿ ವಾಪಸಿನ ರೈಲು ಹೊರಟುಹೋಗಿತ್ತು. ಬಸ್ಸಿಗೆ ಕಾಸಿರಲಿಲ್ಲ. ಸಂಜೆಯ ರೈಲು ಬರುವವರೆಗೆ ಪ್ಲಾಟ್‌ಫಾರಂನಲ್ಲಿ ಚೀಲದ ಮೇಲೆ ಕೂತಿದ್ದು, ತುಮಕೂರಿನಲ್ಲಿ ಇಳಿದು, ಅಷ್ಟು ಭಾರ ಹೊತ್ತು ಸ್ಟೇಷನ್ನಿನಿಂದ ನಡೆದುಬಂದಿದ್ದಳು.

ಅವಳು ತಾಯಿಯನ್ನು ನೋಡಲಿಲ್ಲ. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಬಾವಿ, ಸುತ್ತ ನಿಂತ ಜನ, ಬರಿಮೈಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಟ್ಟೆಯ ಮೇಲೆ ನಿಂತ ಕರಿಸಿದ್ದಪ್ಪ. ಅವಳ ಮುಖ ಬಿಳಿಚಿಕೊಂಡಿತು. ಚೀಲ ಇಳಿಸಿ, ಗರಡಿಯನ್ನು ಹೊರತೆಗೆದು, ಯಾರ ಕೈಗೂ ಕೊಡದೆ ಕಟ್ಟಳೆಯಂತೆ ನೆಲದ ಮೇಲಿಟ್ಟಳು.

“ಯಾರು ಬಿದ್ರು?” ಎಂದಳು.

ಕರಿಸಿದ್ದಪ್ಪ ಕಟ್ಟೆಯ ಮೇಲಿಂದ ಇಳಿಯಲಾರದೆ, ನಿಲ್ಲಲಾರದೆ ಬಾಯಿ ಬಿಟ್ಟು ನೋಡುತ್ತಿದ್ದ. ಹುಡುಗಿ ಆಚೀಚೆ ನೋಡಿ, ನೆಲದ ಮೇಲೆ ಕುಸಿದಿದ್ದ ತಾಯಿಯನ್ನು ಕಂಡು ಹತ್ತಿರ ಓಡಿಬಂದು ಕುಕ್ಕರಗಾಲಲ್ಲಿ ಕೂತಳು. ತಾಯಿಯ ಸೊಂಟದಲ್ಲಿ ಮಗು ಇರಲಿಲ್ಲ.

“ಅಮ್ಮಿ, ತಮ್ಮ ಎಲ್ಲಿ? ಯಾರು ಅಮ್ಮಿ ಬಿದ್ದಿದ್ದು?”

ಜಮಾಲುನ್ನೀಸಾ ಬಾಯಿ ತೆರೆದಳು. ಬೆಳಿಗ್ಗೆ ಅಷ್ಟು ಸಲೀಸಾಗಿ ಆಡಿದ ಬಾಯಿಗೆ ಈಗ ಒಂದಕ್ಷರ ಬರಲಿಲ್ಲ. “ಮಗು ಚಿಕ್ಕಪೇಟೇಲೈತೆ ಕಣವ್ವಾ, ಚೆನ್ನಾಗೈತೆ,” ಎಂದು ಹಿಂದಿನಿಂದ ಯಾರೋ ಹೇಳಿದರು. ಮುನವ್ವರಾ ಕಣ್ಣೊರೆಸಿಕೊಂಡು ಕರಿಸಿದ್ದಪ್ಪನ ಕಡೆ ತಿರುಗಿದಳು.

“ಹಂಗಾದ್ರೆ ಬ್ಯಾರೆ ಯಾರೋ. ಕರಿಸಿದ್ದಣ್ಣಾ, ಆ ಗರಡಿ ಸಾಲಲ್ಲ, ನಮ್ದು ತಗೋ. ಇದಕ್ಕೆ ಕೊಕ್ಕೆ ಜಾಸ್ತಿ ಅವೆ. ಬೇಗ ಬುಡಣ್ಣಾ.” ತಾಯಿ ಏನೆಂದುಕೊಳ್ಳುತ್ತಾಳೋ ಎಂದು ಅನುಮಾನ ಬಂತೇನೋ, ತಿರುಗಿ ಮೆಲ್ಲಗೆ ಸೇರಿಸಿದಳು: “ಹೋದ್ರೆ ಹೋಗ್ಲಿ ಅಮ್ಮಿ ಗರಡಿ. ಕೆರೆಗೆ ಎಸೆಯಾಣ. ತಾತನಿಗೆ ಹೇಳಿ ಇನ್ನೊಂದು ಮಾಡಿಸ್ಕೊಂಡು ಬರ್ತೀನಿ, ನಾನೇ ಹೋಗ್ತೀನಿ.”

ಜಮಾಲುನ್ನೀಸಾ ಮಗಳ ಮುಂಗೈ ಹಿಡಿದುಕೊಂಡಳು. ಗಾಜಿನ ಬಳೆಗಳೆರಡು ಆ ಹಿಡಿತಕ್ಕೆ ಪುಡಿಯಾದವು. ಎಷ್ಟು ಕೊಸರಿದರೂ ಬಿಡಲಿಲ್ಲ.

“ಬುಡು ಅಮ್ಮಿ, ನೋವಾಗುತ್ತೆ,” ಎಂದಳು ಮುನವ್ವರಾ, ಬಾವಿಯ ಕಡೆಯೇ ನೋಡುತ್ತಾ. “ಮೊದ್ಲು ಅವರನ್ನ ಎತ್ತಲಿ. ಪಾಪ, ಅವರಮ್ಮ ಕಾಯ್ತಾ ಇರ್ತಾಳೆ.”